ಒಂಬತ್ತು ಎಕರೆ ಬಿತ್ತನೆ, ಮೂರು ಎಕರೆ ಪರಿಹಾರ: 2023ರ ಬರದ ಒಂದು ಪ್ರಕರಣ ಅಧ್ಯಯನ

ಚಿತ್ರದುರ್ಗ ಜಿಲ್ಲೆಯ ಪೂರ್ವ ಭಾಗದಲ್ಲಿ, ಆಂಧ್ರದ ಗಡಿಯಿಂದ ಹೆಚ್ಚು ದೂರವಿಲ್ಲದ ಹಳ್ಳಿಯೊಂದರಲ್ಲಿ ಒಂದು ಕುಟುಂಬ 2023ರ ಮುಂಗಾರಿಗೆ ಒಟ್ಟು 9 ಎಕರೆ 18 ಗುಂಟೆ ಶೇಂಗಾ ಬಿತ್ತಿತು. ಮಳೆ ಕೈಕೊಟ್ಟು ಬೆಳೆ ಪೂರ್ತಿ ಹೋಯಿತು. ಸರ್ಕಾರ ಬರ ಘೋಷಿಸಿ ಬೆಳೆ ಹಾನಿಯ ಪರಿಹಾರವಾಗಿ ಇನ್‌ಪುಟ್ ಸಬ್ಸಿಡಿ ಕೊಟ್ಟಿತು. ಕೊನೆಗೆ ಈ ಕುಟುಂಬಕ್ಕೆ ಜಮೆಯಾದದ್ದು 3 ಎಕರೆ 8 ಗುಂಟೆಯ ಲೆಕ್ಕದಲ್ಲಿ 11,007 ರೂಪಾಯಿ. ಅದರ ದೊಡ್ಡ ಕಂತು ಬಂದದ್ದು ಬೆಳೆ ಒಣಗಿದ ಒಂಬತ್ತು ತಿಂಗಳ ಮೇಲೆ, ಬಂದ ನಂತರವೂ ಐದು ವಾರ ಬ್ಯಾಂಕಿನಲ್ಲೇ ತಡೆದು ನಿಂತಿತ್ತು. ಈ ವ್ಯವಹಾರದಲ್ಲಿ ಯಾರೂ ಲಂಚ ಕೇಳಲಿಲ್ಲ, ಯಾರೂ ಸುಳ್ಳು ದಾಖಲೆ ಬರೆಯಲಿಲ್ಲ, ಕಚೇರಿಗಳೆಲ್ಲ ತಮ್ಮ ತಮ್ಮ ನಿಯಮದಂತೆಯೇ ನಡೆದುಕೊಂಡವು. ನಾನು ಈ ಪ್ರಕರಣವನ್ನು ವಿವರವಾಗಿ ಬರೆದಿಡಲು ಹೊರಟಿರುವುದು ಆ ಕಾರಣಕ್ಕೇ. ಕುಟುಂಬದ ಅರ್ಜಿಗಳನ್ನು ಬರೆದುಕೊಡುವಾಗ ಅವರ ಪಹಣಿ, ಪಾಸ್‌ಬುಕ್, ಖರ್ಚಿನ ಪುಸ್ತಕಗಳನ್ನು ನೋಡುವ ಅವಕಾಶ ನನಗಿತ್ತು. ಹೆಸರು ಮತ್ತು ಊರನ್ನು ಬೇಕೆಂದೇ ಬಿಟ್ಟಿದ್ದೇನೆ.

ಮೊದಲು ಜಮೀನಿನ ಸ್ಥಿತಿಯನ್ನು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಬಿತ್ತಿದ ಹೊಲ ಮೂರು ತುಂಡುಗಳಲ್ಲಿದೆ. ಮೊದಲನೆಯದು ತಂದೆ ಬದುಕಿರುವಾಗಲೇ ಪಾಲಾಗಿ ಯಜಮಾನರ ಹೆಸರಿಗೆ ಖಾತೆಯಾದ 3 ಎಕರೆ 8 ಗುಂಟೆ. ಎರಡನೆಯದು ತಂದೆ ತಮ್ಮ ಜೀವನಾಂಶಕ್ಕೆಂದು ಉಳಿಸಿಕೊಂಡಿದ್ದ 2 ಎಕರೆ 10 ಗುಂಟೆ. ಅವರು ತೀರಿಕೊಂಡು ಆರು ವರ್ಷವಾಗಿದ್ದರೂ ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಅವರ ಹೆಸರೇ ಇತ್ತು. ಮೂರನೆಯದು ಪಟ್ಟಣದಲ್ಲಿ ನೆಲೆಸಿರುವ ನಿವೃತ್ತ ಮೇಷ್ಟರೊಬ್ಬರ 4 ಎಕರೆ, ಅದನ್ನು ಈ ಕುಟುಂಬ ಹಲವು ವರ್ಷಗಳಿಂದ ವಾರಕ್ಕೆ, ಅಂದರೆ ಬೆಳೆಯ ಪಾಲಿನ ಮೇಲೆ, ಮಾಡಿಕೊಂಡು ಬಂದಿದೆ. ಬೀಜ, ಗೊಬ್ಬರ, ಉಳುಮೆ, ಕಳೆ ಎಲ್ಲ ಮಾಡುವವರದು, ಬಂದ ಬೆಳೆಯಲ್ಲಿ ಸಮಪಾಲು ಎಂಬುದು ಬಾಯಿಮಾತಿನ ಕರಾರು. ಊರಿನಲ್ಲಿ ಇಂಥ ಮೂರು ಬಗೆಯ ಜಮೀನು ಒಂದೇ ಮನೆಯ ನೇಗಿಲಿನ ಕೆಳಗೆ ಇರುವುದು ಅಪರೂಪವೇನಲ್ಲ.

ಆ ವರ್ಷ ಜೂನ್ ತಿಂಗಳ ಮಳೆ ರಾಜ್ಯದ ಬಹುಭಾಗದಲ್ಲಿ ಕೈಕೊಟ್ಟಿತು. ಜುಲೈಯಲ್ಲಿ ವಾಡಿಕೆಗಿಂತ ಹೆಚ್ಚೇ ಬಿತ್ತು, ಅದನ್ನು ನಂಬಿ ತಡವಾಗಿಯಾದರೂ ಎಲ್ಲರೂ ಬಿತ್ತಿದರು. ಆಗಸ್ಟ್‌ನಲ್ಲಿ ರಾಜ್ಯದ ಒಟ್ಟು ಮಳೆ ವಾಡಿಕೆಯ ಮೂರನೇ ಒಂದು ಭಾಗವನ್ನೂ ಮುಟ್ಟಲಿಲ್ಲ. ಶೇಂಗಾ ಬೆಳೆಗೆ ಈ ಹೊತ್ತು ಎಷ್ಟು ನಿರ್ಣಾಯಕವೆಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಹೂವಾದ ಮೇಲೆ ಕಾಯಿಯ ಮೊಳೆ ನೆಲಕ್ಕಿಳಿಯಬೇಕು, ಇಳಿಯಲು ನೆಲ ಮೆದುವಾಗಿರಬೇಕು. ಕೆಂಪು ಮಣ್ಣು ಬಿಸಿಲಿಗೆ ಗಟ್ಟಿಯಾದರೆ ಮೊಳೆ ಮೇಲೆಯೇ ಒಣಗುತ್ತದೆ, ಇಳಿದದ್ದೂ ಜೊಳ್ಳಾಗುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ನಾನು ಆ ಹೊಲಕ್ಕೆ ಹೋದಾಗ ದೂರದಿಂದ ಬೆಳೆ ಹಸಿರಾಗಿಯೇ ಕಾಣುತ್ತಿತ್ತು. ಯಜಮಾನರ ಹೆಂಡತಿ ಬದುವಿನ ಪಕ್ಕದ ಹತ್ತು ಗಿಡಗಳನ್ನು ಒಂದೊಂದಾಗಿ ಕಿತ್ತು ಮಣ್ಣು ಕೊಡವಿ ಸೆರಗಿನ ಮೇಲೆ ಇಟ್ಟರು. ಹತ್ತು ಗಿಡದಲ್ಲಿ ಸಿಕ್ಕ ಕಾಯಿ ಹದಿನಾಲ್ಕು, ಅದರಲ್ಲಿ ಬೀಜ ತುಂಬಿದ್ದು ಮೂರು.

ಮೇಲೆ ಹಸಿರು, ಕೆಳಗೆ ಬರಿದು ಎಂಬ ಈ ಸ್ಥಿತಿಯನ್ನೇ ಆಗ ರಾಜ್ಯ ಸರ್ಕಾರ 'ಹಸಿರು ಬರ' ಎಂದು ಕರೆದು ಕೇಂದ್ರದ ಅಧ್ಯಯನ ತಂಡದ ಮುಂದೆ ವಾದಿಸಿತು. ಬರ ಘೋಷಣೆಗೆ ಕೇಂದ್ರದ 2016ರ ಬರ ಕೈಪಿಡಿಯೇ ಆಧಾರ. ಮಳೆಯ ಕೊರತೆ ಮತ್ತು ಸತತ ಒಣ ವಾರಗಳನ್ನು ಮೊದಲು ನೋಡಲಾಗುತ್ತದೆ. ನಂತರ ಬಿತ್ತನೆ ಪ್ರದೇಶ, ಉಪಗ್ರಹ ತೋರಿಸುವ ಹಸಿರಿನ ಪ್ರಮಾಣ, ಮಣ್ಣಿನ ತೇವಾಂಶ, ಜಲಾಶಯ ಮತ್ತು ಅಂತರ್ಜಲದ ಮಟ್ಟವನ್ನು ಪರಿಗಣಿಸಲಾಗುತ್ತದೆ. ಕೊನೆಗೆ ತಾಲ್ಲೂಕಿನ ಶೇ. 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ನಷ್ಟವನ್ನು ಪರಿಶೀಲಿಸಬೇಕು. ಉಪಗ್ರಹಕ್ಕೆ ಗಿಡದ ಬೇರು ಕಾಣುವುದಿಲ್ಲವಾದ್ದರಿಂದ ಶೇಂಗಾ ಸೀಮೆಯಲ್ಲಿ ಹೊಲಕ್ಕಿಳಿದು ನೋಡುವ ಈ ಕೊನೆಯ ಹಂತವೇ ಎಲ್ಲಕ್ಕಿಂತ ಮುಖ್ಯ. ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿ, ನಂತರ ಎರಡು ಹಂತದಲ್ಲಿ ಪಟ್ಟಿಯನ್ನು ಹಿಗ್ಗಿಸಿತು. ಒಟ್ಟು 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು, ಅವುಗಳಲ್ಲಿ 196 ತೀವ್ರ ಬರದವು. ಈ ಹಳ್ಳಿಯ ತಾಲ್ಲೂಕೂ ತೀವ್ರ ಬರದ ಪಟ್ಟಿಯಲ್ಲಿತ್ತು. ಈ ಹಂತದವರೆಗೆ ಕೆಲಸ ಸರಿಯಾಗಿಯೇ ನಡೆಯಿತೆಂದು ಹೇಳಬೇಕು.

ಪರಿಹಾರದ ದರವನ್ನು ನಿರ್ಧರಿಸುವುದು ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿ. ಆಗಿದ್ದ ಮಾರ್ಗಸೂಚಿಯಂತೆ ಬೆಳೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿದ್ದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಜಮೀನಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಒಬ್ಬ ರೈತರಿಗೆ ಗರಿಷ್ಠ ಮಿತಿ 2 ಹೆಕ್ಟೇರ್. ಹೆಕ್ಟೇರ್ ಲೆಕ್ಕ ಹೊಲದವರಿಗೆ ಮನಸ್ಸಿಗೆ ಹತ್ತುವುದಿಲ್ಲ, ಆದ್ದರಿಂದ ಗುಂಟೆಗೆ ಇಳಿಸಿ ಹೇಳುತ್ತೇನೆ. 8,500 ಎಂದರೆ ಎಕರೆಗೆ 3,440 ರೂಪಾಯಿ, ಗುಂಟೆಗೆ 86 ರೂಪಾಯಿ. ಕುಟುಂಬದ ಖರ್ಚಿನ ಪುಸ್ತಕದ ಪ್ರಕಾರ ಮೊದಲ ತುಂಡಿನ 3 ಎಕರೆ 8 ಗುಂಟೆಗೆ ಬೀಜ, ಎರಡು ಸಾಲು ಉಳುಮೆ, ಬಿತ್ತನೆ ಕೂಲಿ, ಮೂರು ಚೀಲ ಡಿಎಪಿ ಗೊಬ್ಬರ ಮತ್ತು ಒಂದು ಕಳೆ ಸೇರಿ ಸುಮಾರು 34 ಸಾವಿರ ರೂಪಾಯಿ ಆಗಿತ್ತು. ಡಿಎಪಿ ಒಂದಕ್ಕೇ ಚೀಲಕ್ಕೆ 1,350ರಂತೆ 4,050 ರೂಪಾಯಿ. ಪರಿಹಾರ ಪೂರ್ತಿ ಬಂದರೂ ಹಾಕಿದ ದುಡ್ಡಿನ ಮೂರನೇ ಒಂದು ಪಾಲನ್ನೂ ತುಂಬುವುದಿಲ್ಲ. ಇದು ನಷ್ಟ ಭರ್ತಿ ಅಲ್ಲ, ಮುಂದಿನ ಬಿತ್ತನೆಗೆ ನೆರವು ಎಂದು ಅಧಿಕಾರಿಗಳು ಹೇಳುವುದುಂಟು. ಆ ಮಾತನ್ನು ನಾನು ಒಪ್ಪುತ್ತೇನೆ, ಹೆಸರೇ ಇನ್‌ಪುಟ್ ಸಬ್ಸಿಡಿ ಎಂದಿದೆ. ಹಾಗಿದ್ದ ಮೇಲೆ ಆ ನೆರವು ಮುಂದಿನ ಬಿತ್ತನೆಯ ಹೊತ್ತಿಗೆ, ಬಿತ್ತುವವರ ಕೈಯಲ್ಲಿ ಇರಬೇಕು. ಈ ಪ್ರಕರಣವನ್ನು ಅಳೆಯಲು ಸರ್ಕಾರವೇ ಕೊಟ್ಟ ಈ ಅಳತೆಗೋಲು ಸಾಕು. ರಾಜ್ಯಗಳು ಮನಸ್ಸು ಮಾಡಿದರೆ ಸ್ವಂತ ಹಣ ಸೇರಿಸಿ ದರ ಹೆಚ್ಚಿಸಬಹುದು. 2021ರ ಅತಿವೃಷ್ಟಿಯಲ್ಲಿ ಕರ್ನಾಟಕವೇ ಆಗ ಜಾರಿಯಲ್ಲಿದ್ದ 6,800 ರೂಪಾಯಿಯನ್ನು 13,600ಕ್ಕೆ ಏರಿಸಿತ್ತು. 2023ರಲ್ಲಿ ಬೆಳೆ ಹಾನಿಗೊಳಗಾದ ಪ್ರದೇಶ 48 ಲಕ್ಷ ಹೆಕ್ಟೇರ್ ಎಂದು ರಾಜ್ಯವೇ ಲೆಕ್ಕ ಹಾಕಿತ್ತು. ಅಷ್ಟು ವಿಸ್ತಾರಕ್ಕೆ ದರ ಏರಿಸುವ ಮಾತು ಬರಲಿಲ್ಲ.

ಹಣ ಬಂದ ಕಾಲದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ, ಅದು ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ರಾಜ್ಯವು ರಾಷ್ಟ್ರೀಯ ನಿಧಿಯಿಂದ 18,171 ಕೋಟಿ ರೂಪಾಯಿ ಕೇಳಿತು. ಕೇಂದ್ರ ತಂಡ ಅಕ್ಟೋಬರ್ ಮೊದಲ ವಾರಗಳಲ್ಲಿ ಬಂದು ನೋಡಿಹೋಯಿತು. ಹಣ ಬಾರದಿದ್ದಾಗ ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ತನ್ನ ಬೊಕ್ಕಸದಿಂದ ಮೂವತ್ತು ಲಕ್ಷಕ್ಕೂ ಹೆಚ್ಚು ರೈತರಿಗೆ ತಲಾ ಗರಿಷ್ಠ 2,000 ರೂಪಾಯಿಯ ಮೊದಲ ಕಂತು ಹಾಕಿತು. ಮಾರ್ಚ್‌ನಲ್ಲಿ ಸಂವಿಧಾನದ 32ನೇ ವಿಧಿಯಡಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಲೋಕಸಭಾ ಚುನಾವಣೆಯ ನಡುವೆ, ಏಪ್ರಿಲ್ ಕೊನೆಯ ವಾರದಲ್ಲಿ ಕೇಂದ್ರವು 3,454 ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಮೇ ತಿಂಗಳಲ್ಲಿ, ಮೊದಲ ಕಂತನ್ನು ಕಳೆದು ಉಳಿದ ಹಣ ರೈತರ ಖಾತೆಗಳಿಗೆ ಹೋಯಿತು. ತಪ್ಪು ಯಾರದೆಂಬ ವಾದದಲ್ಲಿ ಈ ಬರಹಕ್ಕೆ ಕೆಲಸವಿಲ್ಲ. ಆ ಎಂಟೊಂಬತ್ತು ತಿಂಗಳಲ್ಲಿ ಈ ಮನೆಯಲ್ಲಿ ಎರಡು ಎತ್ತುಗಳ ಪೈಕಿ ಒಂದನ್ನು ಮಾರಲಾಯಿತು, ಮಗ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ.

ಇನ್ನು ಹಣ ಯಾರಿಗೆ ಎಂಬ ಪ್ರಶ್ನೆ. ಹಿಂದೆ ಗ್ರಾಮ ಲೆಕ್ಕಿಗರು ಹೊಲ ಸುತ್ತಿ ಕೈಬರಹದಲ್ಲಿ ಪಟ್ಟಿ ಮಾಡುತ್ತಿದ್ದರು, ಆ ಪಟ್ಟಿಯ ಬಗ್ಗೆ ಊರಿನಲ್ಲಿ ನೂರು ದೂರುಗಳಿರುತ್ತಿದ್ದವು. ಈಗ ಫ್ರೂಟ್ಸ್ ಎಂಬ ಸರ್ಕಾರದ ರೈತ ನೋಂದಣಿ ತಂತ್ರಾಂಶವಿದೆ. ರೈತರ ಆಧಾರ್ ಮತ್ತು ಅವರ ಹೆಸರಿನ ಪಹಣಿಗಳನ್ನು ಜೋಡಿಸಿ ಅದು ಎಫ್‌ಐಡಿ ಎಂಬ ರೈತರ ಗುರುತಿನ ಸಂಖ್ಯೆ ಕೊಡುತ್ತದೆ. ಮುಂಗಾರಿನ ಬೆಳೆ ಸಮೀಕ್ಷೆಯಲ್ಲಿ ಮೊಬೈಲ್ ಹಿಡಿದ ಯುವಕರು ಪ್ರತಿ ಸರ್ವೆ ನಂಬರಿಗೂ ಹೋಗಿ ಬೆಳೆಯ ಫೋಟೋ ತೆಗೆಯುತ್ತಾರೆ. ಈ ಎರಡು ಮಾಹಿತಿ ಪರಿಹಾರ ತಂತ್ರಾಂಶದಲ್ಲಿ ಕೂಡಿ, ಆಧಾರ್‌ಗೆ ಜೋಡಣೆಯಾದ ಬ್ಯಾಂಕ್ ಖಾತೆಗೆ ಹಣ ನೇರವಾಗಿ ಹೋಗುತ್ತದೆ. ಮಧ್ಯವರ್ತಿಗಳ ಕೈ ತಪ್ಪಿಸಿದ್ದು ಈ ವ್ಯವಸ್ಥೆಯ ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯುವ ಇರಾದೆ ನನಗಿಲ್ಲ. ಮೊದಲ ತುಂಡಿನ ಮಟ್ಟಿಗೆ ಅದು ಬೇಳೆಯಷ್ಟೂ ತಪ್ಪದೆ ಕೆಲಸ ಮಾಡಿತು. 3 ಎಕರೆ 8 ಗುಂಟೆ ಎಂದರೆ 1.295 ಹೆಕ್ಟೇರ್; 8,500ರಿಂದ ಗುಣಿಸಿದರೆ 11,007. ಜನವರಿಯಲ್ಲಿ 2,000, ಮೇ ತಿಂಗಳಲ್ಲಿ 9,007. ಪಾಸ್‌ಬುಕ್ಕಿನಲ್ಲಿ ಅಷ್ಟೇ ಮೊತ್ತವಿದೆ.

ಎರಡನೆಯ ತುಂಡಿನ ಸಮೀಕ್ಷೆಯೂ ಆಗಿತ್ತು. ಶೇಂಗಾ ಎಂದು ದಾಖಲಾಗಿ, ಫೋಟೋ ಕೂಡ ಇತ್ತು. ಆದರೆ ಪಹಣಿಯಲ್ಲಿದ್ದ ಹೆಸರಿನವರು ಬದುಕಿಲ್ಲ. ತೀರಿಕೊಂಡವರಿಗೆ ಎಫ್‌ಐಡಿ ಮಾಡಿಸುವುದು ಸಾಧ್ಯವಿಲ್ಲ. ನವೆಂಬರ್ ಆಸುಪಾಸಿನಲ್ಲಿ ಎಲ್ಲ ಸರ್ವೆ ನಂಬರುಗಳನ್ನೂ ಫ್ರೂಟ್ಸ್‌ಗೆ ಸೇರಿಸಿಕೊಳ್ಳಿ ಎಂದು ಊರೂರಿನಲ್ಲಿ ಡಂಗುರ ಸಾರಿದಾಗ ಯಜಮಾನರು ಪಹಣಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿದ್ದರು. ಪೌತಿ ಖಾತೆ ಮಾಡಿಸಿಕೊಂಡು ಬನ್ನಿ ಎಂಬ ಉತ್ತರ ಸಿಕ್ಕಿತು. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಅಣ್ಣ ಬೆಂಗಳೂರಿನಲ್ಲಿದ್ದಾರೆ, ತಂಗಿಯನ್ನು ಗಡಿಯಾಚೆ ಕಲ್ಯಾಣದುರ್ಗದ ಕಡೆಗೆ ಕೊಟ್ಟಿದ್ದಾರೆ. ಜಗಳವೇನೂ ಇಲ್ಲ, ಮೂವರೂ ಒಂದೇ ದಿನ ನಾಡಕಚೇರಿಗೆ ಬರಲು ಆಗಿರಲಿಲ್ಲ ಅಷ್ಟೆ, ಸಮ ಭಾಗ ಮಾಡುವುದೋ ಉಳುವವನಿಗೇ ಬಿಡುವುದೋ ಎಂಬ ಮಾತನ್ನು ಯಾರೂ ಮೊದಲು ಎತ್ತಿರಲೂ ಇಲ್ಲ. 2 ಎಕರೆ 10 ಗುಂಟೆಗೆ ಸಲ್ಲಬೇಕಾಗಿದ್ದ ಸುಮಾರು 7,740 ರೂಪಾಯಿ ಈ ಮೂವರಲ್ಲಿ ಯಾರಿಗೂ ಬರದೆ ಉಳಿಯಿತು. ಬರಗಾಲದ ನಡುವೆ ನಿಂತು ಆರು ವರ್ಷದ ಹಳೆಯ ಖಾತೆಯನ್ನು ಸರಿಪಡಿಸಿಕೊಂಡು ಬಾ ಎನ್ನುವುದು ನಿಯಮಬದ್ಧವಾಗಿ ಸರಿ ಇರಬಹುದು. ಆದರೆ ಮರಣ ನೋಂದಣಿಯೂ ಸರ್ಕಾರದ ದಾಖಲೆಯೇ, ಪಹಣಿಯೂ ಸರ್ಕಾರದ ದಾಖಲೆಯೇ. ಮೊದಲನೆಯದರಲ್ಲಿ ಸತ್ತವರು ಎರಡನೆಯದರಲ್ಲಿ ಆರು ವರ್ಷ ಜೀವಂತ ಉಳಿದದ್ದಕ್ಕೆ ಆ ರೈತರೊಬ್ಬರೇ ದಂಡ ತೆತ್ತದ್ದು ನ್ಯಾಯವಲ್ಲವೆಂದು ನಾನು ದೃಢವಾಗಿ ಭಾವಿಸುತ್ತೇನೆ.

ಮೂರನೆಯ ತುಂಡಿನ ವಿಷಯ ಇನ್ನೂ ಆಳವಾದದ್ದು. ಮೇಷ್ಟರ 4 ಎಕರೆಗೆ 13,759 ರೂಪಾಯಿ ಮಂಜೂರಾಗಿ ಮೇಷ್ಟರ ಖಾತೆಗೇ ಹೋಯಿತು. ಅವರಿಗೆ ಎಫ್‌ಐಡಿ ಇತ್ತು, ಹೊಲದಲ್ಲಿ ಬೆಳೆಯ ಫೋಟೋ ಇತ್ತು. ಆ ಬೆಳೆಗೆ ಅವರು ಹಾಕಿದ್ದು ಏನೂ ಇಲ್ಲ ಎಂಬುದನ್ನು ಕೇಳುವ ಕಾಲಂ ಯಾವ ತಂತ್ರಾಂಶದಲ್ಲೂ ಇಲ್ಲ. ಊರಿನ ಪಟ್ಟಿಯನ್ನು ಗ್ರಾಮ ಒನ್ ಕೇಂದ್ರದಲ್ಲಿ ತೆರೆದು ನೋಡಿದ ದಿನ ಯಜಮಾನರ ಹೆಂಡತಿ ನನಗೆ ಹೇಳಿದ ಮಾತು ಇದು: "ಬೆಳೆ ಹೋಗಿದ್ದು ನಮ್ದು ಕಣಣ್ಣ, ದುಡ್ಡು ಬಂದಿದ್ದು ಪಾಣಿಗೆ (ಪಹಣಿಗೆ)." ಮೇಷ್ಟರು ಸಜ್ಜನರು. ವಿಷಯ ತಿಳಿದ ಮೇಲೆ ತಾವಾಗಿಯೇ ಕರೆಸಿ 5,000 ರೂಪಾಯಿ ಕೊಟ್ಟರು. ಅಷ್ಟನ್ನೂ ಕೊಡದ ಮಾಲೀಕರು ಅದೇ ಹೋಬಳಿಯಲ್ಲಿದ್ದಾರೆ, ಅವರನ್ನು ಕೇಳುವ ಧೈರ್ಯ ವಾರಕ್ಕೆ ಮಾಡುವವರಿಗೆ ಇಲ್ಲ, ಏಕೆಂದರೆ ಮುಂದಿನ ವರ್ಷ ಹೊಲ ಕೈತಪ್ಪಬಹುದು.

ಇದರ ಬೇರು ಐವತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ದೇವರಾಜ ಅರಸು ಅವರ ಕಾಲದಲ್ಲಿ ಭೂ ಸುಧಾರಣಾ ಕಾಯ್ದೆಗೆ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ, ಉಳುವವರಿಗೆ ಭೂಮಿಯ ಒಡೆತನ ಕೊಟ್ಟಿತು ಮತ್ತು ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಆ ಕಾಯ್ದೆಯಿಂದ ಭೂಮಿ ಪಡೆದ ಲಕ್ಷಾಂತರ ಕುಟುಂಬಗಳ ಮುಂದೆ ಅದನ್ನು ಹಗುರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಗೇಣಿ ಪದ್ಧತಿ ಕಾಗದದಿಂದ ಅಳಿಸಿಹೋಯಿತೇ ಹೊರತು ಹೊಲದಿಂದ ಹೋಗಲಿಲ್ಲ. ವಾರ, ಪಾಲು, ಲಾವಣಿ ಎಂಬ ಹೆಸರುಗಳಲ್ಲಿ ಬಾಯಿಮಾತಿನ ಮೇಲೆ ಉಳಿದುಕೊಂಡಿತು. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರಿಗೆ ಜಾಗವೇನೋ ಇದೆ. ಬೇರೆಯವರ ಹೆಸರು ಅಲ್ಲಿ ಬಂದರೆ ಜಮೀನೇ ಹೋದೀತೆಂಬ ಭಯದಿಂದ ಯಾವ ಮಾಲೀಕರೂ ಅದಕ್ಕೆ ಒಪ್ಪುವುದಿಲ್ಲ. ಈ ಕುಟುಂಬದ ಅಳಿಯ, ಅಂದರೆ ತಂಗಿಯ ಗಂಡ, ಗಡಿಯಾಚೆ ಇದೇ ರೀತಿ ಬೇರೆಯವರ ಹೊಲ ಮಾಡುತ್ತಾರೆ. ಆಂಧ್ರ ಪ್ರದೇಶ 2019ರಲ್ಲಿ ತಂದ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆಯಡಿ ಅಲ್ಲಿ 11 ತಿಂಗಳ ಅವಧಿಯ ಕಾರ್ಡ್ ಕೊಡುತ್ತಾರೆ. ಅದರಿಂದ ಭೂಮಿಯ ಮೇಲೆ ಹಕ್ಕು ಹುಟ್ಟುವುದಿಲ್ಲ, ಬೆಳೆಯ ಮೇಲಿನ ಸಾಲ ಮತ್ತು ಪರಿಹಾರಕ್ಕೆ ಮಾತ್ರ ಅದು ಆಧಾರ. ಅದಕ್ಕೂ ಮಾಲೀಕರ ಸಹಿ ಬೇಕಾದ್ದರಿಂದ ಅಲ್ಲಿಯೂ ಅನೇಕರಿಗೆ ಕಾರ್ಡ್ ಸಿಕ್ಕಿಲ್ಲ. ಆದರೂ ಹತ್ತಾರು ಮೈಲಿಯ ಅಂತರದಲ್ಲಿ, ಒಂದೇ ಮಣ್ಣಿನಲ್ಲಿ ಒಂದೇ ಬೆಳೆ ತೆಗೆಯುವ ಭಾವ-ಮೈದುನರಲ್ಲಿ ಒಬ್ಬರಿಗೆ ಅರ್ಜಿ ಹಾಕಲು ಒಂದು ದಾರಿಯಾದರೂ ಇದೆ, ಇನ್ನೊಬ್ಬರಿಗೆ ಅದೂ ಇಲ್ಲ.

ಒಂದು ಲೆಕ್ಕವನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಒಳ್ಳೆಯದು. 9 ಎಕರೆ 18 ಗುಂಟೆಯೂ ಯಜಮಾನರ ಹೆಸರಿನಲ್ಲೇ ಇದ್ದಿದ್ದರೂ 2 ಹೆಕ್ಟೇರ್ ಮಿತಿಯಿಂದಾಗಿ ಅವರಿಗೆ 17,000 ರೂಪಾಯಿಗಿಂತ ಹೆಚ್ಚು ಸಿಗುತ್ತಿರಲಿಲ್ಲ. ಸಣ್ಣ ರೈತರಿಗೆ ಮೊದಲು ತಲುಪಲೆಂದು ಮಾಡಿದ ಮಿತಿ ಅದು, ಅದರ ಬಗ್ಗೆ ನನ್ನ ತಕರಾರಿಲ್ಲ. ಹಾಗೆ ನೋಡಿದರೆ ಕುಟುಂಬಕ್ಕೆ ಕೈತಪ್ಪಿದ್ದು ಸುಮಾರು 6,000 ರೂಪಾಯಿ. ಪಟ್ಟಣದಲ್ಲಿ ಸಂಬಳ ಪಡೆಯುವವರಿಗೆ ಇದು ಸಣ್ಣ ಮೊತ್ತವೆನಿಸಬಹುದು. ಆ ಮನೆಯಲ್ಲಿ ಅದು ಒಂದು ಎಕರೆಗೂ ಮಿಗಿಲಾದ ಜಮೀನಿನ ಶೇಂಗಾ ಬೀಜದ ಬೆಲೆ.

ಈಗ ಬ್ಯಾಂಕಿನ ವಿಷಯ. ಆಧಾರ್ ಮೂಲಕ ಬರುವ ಹಣ ರೈತರು ಬರೆದುಕೊಟ್ಟ ಖಾತೆಗೆ ಹೋಗುವುದಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಬ್ಯಾಂಕಿಗೆ ಹೋಗುತ್ತದೆ. ಯಜಮಾನರು ಪರಿಹಾರಕ್ಕೆಂದು ಊರಿನ ಹತ್ತಿರದ ಶಾಖೆಯ ಪಾಸ್‌ಬುಕ್ ಕೊಟ್ಟಿದ್ದರು. ಬೆಳೆ ಸಾಲ ನವೀಕರಣಕ್ಕೆ ಹೋದಾಗ ಬೇರೊಂದು ಬ್ಯಾಂಕಿನಲ್ಲಿ ಆಧಾರ್ ಜೋಡಿಸಿದ್ದರಿಂದ ಎರಡೂ ಕಂತು ಅಲ್ಲಿಗೆ ಬಿದ್ದವು. ಜನವರಿಯ 2,000 ಬಂದದ್ದು ಅವರಿಗೆ ಮೇ ತಿಂಗಳವರೆಗೂ ಗೊತ್ತೇ ಇರಲಿಲ್ಲ. ಮೇ ತಿಂಗಳಲ್ಲಿ 9,007 ಬಂದಾಗ ಉಳಿತಾಯ ಖಾತೆಗೆ ತಡೆ ಬಿದ್ದಿತ್ತು, ಏಕೆಂದರೆ ಬೆಳೆ ಹೋದ ವರ್ಷದ ಸಾಲ ಸಹಜವಾಗಿಯೇ ಅವಧಿ ಮೀರಿ ಸುಸ್ತಿಯಾಗಿತ್ತು. ರಾಜ್ಯದ ಹಲವು ಜಿಲ್ಲೆಗಳಿಂದ ಇದೇ ದೂರು ಬಂದು, ಪರಿಹಾರದ ಹಣವನ್ನು ಸಾಲಕ್ಕೆ ಜಮೆ ಮಾಡಿಕೊಳ್ಳಬಾರದು, ಮಾಡಿಕೊಂಡಿದ್ದರೆ ಹಿಂದಿರುಗಿಸಬೇಕು ಎಂದು ಸರ್ಕಾರ ಮತ್ತು ಜಿಲ್ಲಾಧಿಕಾರಿಗಳು ಬ್ಯಾಂಕುಗಳಿಗೆ ಸೂಚಿಸಿದ್ದು ಆಗಲೇ. ಆ ಸೂಚನೆಯ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ ಕೊಟ್ಟೆವು. ಮೂರು ಸಲ ಓಡಾಡಿದ ಮೇಲೆ, ಜೂನ್ ಮೂರನೇ ವಾರದಲ್ಲಿ ತಡೆ ತೆರವಾಯಿತು.

ಆ ಐದು ವಾರ ಏನು ಮಾಡಿತೆಂಬುದು ಮುಖ್ಯ. 2024ರ ಮುಂಗಾರು ಪೂರ್ವ ಮಳೆ ಚೆನ್ನಾಗಿತ್ತು. ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರದ ಶೇಂಗಾ ಬೀಜ ಬಂದಿತ್ತು, ಆದರೆ ರೈತರ ಪಾಲಿನ ಹಣವನ್ನು ಅಲ್ಲಿ ನಗದಾಗಿ ಕಟ್ಟಬೇಕು. ಕೈಯಲ್ಲಿ ದುಡ್ಡಿಲ್ಲದ್ದರಿಂದ ಯಜಮಾನರು ಮಂಡಿಯಲ್ಲಿ ಬೀಜವನ್ನು ಸಾಲವಾಗಿ ತಂದರು. ಬೆಳೆ ಬಂದಾಗ ಅದೇ ಮಂಡಿಗೆ ಹಾಕಬೇಕೆಂಬ ಷರತ್ತಿನ ಮೇಲೆ. ಖಾತೆಯಲ್ಲಿ 9,007 ರೂಪಾಯಿ ಇದ್ದಾಗಲೇ ಈ ಸಾಲವಾಯಿತು. ಅದೇ ಊರಿನಲ್ಲಿ ಸುಸ್ತಿ ಸಾಲವಿಲ್ಲದ ಇನ್ನೊಂದು ಮನೆಗೆ ಮೇ ಎರಡನೇ ವಾರದಲ್ಲೇ ಹಣ ಕೈಸೇರಿ, ಅವರು ಕೇಂದ್ರದ ಬೀಜವನ್ನೇ ತಂದು ಬಿತ್ತಿದರು. ತಡವಾಗಿ ಬಂದರೂ ಬಿತ್ತನೆಗೆ ಮುಂಚೆ ಕೈಗೆ ಸಿಕ್ಕಲ್ಲೆಲ್ಲ ಆ ಹಣ ತನ್ನ ಹೆಸರಿಗೆ ತಕ್ಕ ಕೆಲಸ ಮಾಡಿದೆ ಎಂಬುದಕ್ಕೆ ಆ ಮನೆಯೇ ಸಾಕ್ಷಿ.

ಸರಿಪಡಿಸಬಹುದಾದ ಸಂಗತಿಗಳು ಇದರಲ್ಲಿ ಕಣ್ಣಿಗೆ ಕಾಣುವಂತೆಯೇ ಇವೆ. ಸಾಲಕ್ಕೆ ಹಿಡಿದುಕೊಳ್ಳಬಾರದೆಂಬ ಸೂಚನೆ ಹಣ ಬಿಡುಗಡೆಯ ಆದೇಶದ ಜೊತೆಗೇ ಹೊರಡಬೇಕು, ಗಲಾಟೆಯಾದ ಮೇಲೆ ಅಲ್ಲ. ಹಣ ಯಾವ ಬ್ಯಾಂಕಿಗೆ ಬಿತ್ತೆಂಬುದನ್ನು ಗ್ರಾಮ ಪಂಚಾಯಿತಿಯಲ್ಲೇ ರೈತರಿಗೆ ತಿಳಿಸುವ ಏರ್ಪಾಟಿರಬೇಕು. ತೀರಿಕೊಂಡವರ ಹೆಸರಿನ ಜಮೀನಿಗೆ, ಅಲ್ಲಿ ಬೆಳೆ ಮಾಡುತ್ತಿರುವ ವಾರಸುದಾರರಿಂದ ಮುಚ್ಚಳಿಕೆ ಬರೆಸಿಕೊಂಡು ಆ ಹಂಗಾಮಿನ ಪರಿಹಾರವನ್ನಾದರೂ ಕೊಡಬಹುದು. ಅದರಿಂದ ಯಾರ ಒಡೆತನವೂ ಬದಲಾಗುವುದಿಲ್ಲ. ವಾರದವರ ಪ್ರಶ್ನೆಗೆ ಮಾತ್ರ ಶಾಸನವೇ ಬೇಕು. ಬೆಳೆ ಸಮೀಕ್ಷೆಯ ಹುಡುಗ ಫೋಟೋ ತೆಗೆಯಲು ಬಂದಾಗ ಹೊಲದಲ್ಲಿ ಕಳೆ ಕೀಳುತ್ತಿದ್ದವರು ಯಾರೆಂದು ಅವನಿಗೆ ಗೊತ್ತಿತ್ತು, ಅವನು ಅದೇ ಊರಿನವನು. ಅದನ್ನು ಬರೆದುಕೊಳ್ಳಲು ಅವನ ಮೊಬೈಲಿನಲ್ಲಿ ಜಾಗವಿರಲಿಲ್ಲ.

ಪೌತಿ ಖಾತೆಯ ಕೆಲಸ ಮುಂದಿನ ಮಾರ್ನಮಿ ಹಬ್ಬಕ್ಕೆ ಶುರುವಾಯಿತು. ಹಿರಿಯರ ಪೂಜೆಗೆಂದು ಅಣ್ಣ ಬೆಂಗಳೂರಿನಿಂದ, ತಂಗಿ ಕಲ್ಯಾಣದುರ್ಗದಿಂದ ಬಂದಿದ್ದರು. ತಂದೆಯ ಫೋಟೋಕ್ಕೆ ಎಡೆ ಇಟ್ಟ ಮೇಲೆ ನಡುಮನೆಯಲ್ಲಿ ಕೂತು ಮಾತಾಡಿದರು. ಹೆಣ್ಣುಮಗಳಿಗೂ ಸಮಪಾಲಿದೆ ಎಂಬುದನ್ನು ನಾನೇ ಎತ್ತಿ ಹೇಳಬೇಕಾಯಿತು. ತಂಗಿ ಯೋಚಿಸಿ, ಮೂವರ ಹೆಸರಿಗೂ ಜಂಟಿಯಾಗಿ ಆಗಲಿ, ಬೆಳೆ ಊರಿನಲ್ಲಿರುವ ಅಣ್ಣನೇ ಮಾಡಿಕೊಳ್ಳಲಿ ಎಂದರು. ಮರುದಿನ ಮೂವರೂ ನಾಡಕಚೇರಿಗೆ ಹೋಗಿ ಅರ್ಜಿಗೆ ಸಹಿ ಹಾಕಿ ಸ್ವೀಕೃತಿ ಚೀಟಿ ತಂದರು. ಯಜಮಾನರು ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ತಂದೆಯ ಫೋಟೋದ ಹಿಂದೆ, ಪಹಣಿಗಳಿರುವ ಕಟ್ಟಿನಲ್ಲಿ ಸೇರಿಸಿದರು. ಮೇಷ್ಟರ 4 ಎಕರೆಯನ್ನು ಈಗಲೂ ಅವರು ವಾರಕ್ಕೇ ಮಾಡುತ್ತಿದ್ದಾರೆ.